ಕಿತ್ತಳೆ ಬಣ್ಣದ ಇಂಟು ಮಾರ್ಕು

ಜುಲೈ 12, ಶನಿವಾರ. ಬೆಳಿಗ್ಗೆ 8 ಗಂಟೆ 10 ನಿಮಿಷಕ್ಕೆ, ಸಿಡ್ನಿಯಿಂದ ಬಹು ದೂರದ ಬೆರಿಂಗಾ ಪೊಲೀಸ್ ಠಾಣೆಯ ಫೋನು ಹೊಡೆದುಕೊಂಡಾಗ ಸಾರ್ಜೆಂಟ್ ನೆವಿಲ್ ಕ್ರೋಥರ್ ಟೋಸ್ಟಿಗೆ ವೆಜಿಮೈಟ್ ಸವರುತ್ತಿದ್ದ. ಆ ಕಡೆಯಿಂದ ಮಾತಾಡಿದವಳು ಡಲ್ಸಿ ಮೂನಿ. ಶಾಲೆಯ ಮುಂದೆ ‘ನಿಲ್ಲಿ’ ಎಂಬ ಫಲಕ ಹಿಡಿದು ಮಕ್ಕಳನ್ನು ರಸ್ತೆ ದಾಟಿಸುವ, ಅರವತ್ತೊಂದು ವರ್ಷದ ಹೆಂಗಸು. ಹಿಂದಿನ ಸಂಜೆ ಹಳೇ ಕೋಚ್ ರಸ್ತೆಯಲ್ಲಿ ಯಾವುದೋ ಕಾರು ಅವಳನ್ನು ಚರಂಡಿಗೆ ಎಸೆದು ಹೋಗಿತ್ತು. ಸೊಂಟದ ಮೂಳೆ, ಎಡಗೈ ಎರಡೂ ಮುರಿದಿದ್ದವು. ಗೋಧಿ ಲಾರಿಯವನೊಬ್ಬ ಸೈಕಲ್ಲಿನ ಚಕ್ರ ಹೊಳೆದದ್ದು ಕಂಡು ನಿಲ್ಲಿಸದಿದ್ದರೆ ಜುಲೈ ತಿಂಗಳ ಆ ಚಳಿಗಾಲದ ರಾತ್ರಿಯಲ್ಲಿ ಬೆಳಗಾಗುವುದರೊಳಗೆ ಅವಳ ಕತೆ ಮುಗಿದಿರುತ್ತಿತ್ತು. ನರ್ಸ್ ಬೇಡವೆಂದರೂ ಕೇಳದೆ, ಆಸ್ಪತ್ರೆಯ ಹಾಸಿಗೆಯಿಂದ ಬಲಗೈಯಲ್ಲಿ ತಾನೇ ನಂಬರು ಒತ್ತಿ ದೂರು ಕೊಡುತ್ತಿದ್ದಳು. ಗಟ್ಟಿ ಜೀವ ಅಂದರೆ ಅದು.

“ಬರ್ಕೊಳ್ತಿದ್ದೀಯಾ ನೆವಿಲ್?”

“ಬರ್ಕೊಳ್ತಿದ್ದೀನಿ. ಹೇಳಿ.”

“ಐದೂವರೆ ದಾಟಿತ್ತು. ಸೈಕಲ್ ಪಂಚರ್ ಆಗಿತ್ತು, ತಳ್ಕೊಂಡು ಹೋಗ್ತಿದ್ದೆ. ಹಿಂದಿನಿಂದ ಬಂದು ಹೊಡೆದ.”

“ಗಾಡಿ ಯಾವುದು?”

“ನನ್ನ ಬೆನ್ನಿಗೆ ಕಣ್ಣಿದ್ಯೇನೋ?”

“ನಿಲ್ಲಿಸ್ದೆ ಹೋದ್ನಾ?”

“ಅದೇ ನೋಡು. ನಿಲ್ಲಿಸ್ದ. ದೀಪ ಟಿಕ್ ಟಿಕ್ ಅಂತ ಹೊಡ್ಕೊಳ್ತಿತ್ತು. ಇಳಿದು ಬಂದ, ಓಡಾಡಿದ. ನನಗೆ ಉಸಿರು ಕಟ್ಟಿ ಒಂದು ಮಾತೂ ಹೊರಡ್ಲಿಲ್ಲ. ಆಮೇಲೆ ‘ಕ್ಷಮಿಸು ತಾಯಿ, ಕಾಣ್ಲಿಲ್ಲ’ ಅಂದ. ಅಂದ್ಬಿಟ್ಟು ಗಾಡಿ ಹತ್ತಿ ಹೋದ. ಕ್ಷಮೆ ಕೇಳಿ ಹೋದ ನೆವಿಲ್!”

ದನಿಯ ಗುರುತು ಹತ್ತಿತೇ ಎಂದು ಕೇಳಿದ. ಕಿವಿಯೊಳಗೆ ಗುಂಯ್ ಎನ್ನುತ್ತಿತ್ತು, ಗಂಡಸಿನದು ಎಂಬುದಷ್ಟೇ ಗೊತ್ತು ಎಂದಳು. ಹೊಡೆದದ್ದಕ್ಕಿಂತ, ಕ್ಷಮೆ ಕೇಳಿ ಬಿಟ್ಟುಹೋದದ್ದಕ್ಕೆ ಅವಳಿಗೆ ಸಿಟ್ಟು. ಅವನನ್ನು ಹಿಡಿದು ತನ್ನ ಮುಂದೆ ತಂದು ನಿಲ್ಲಿಸಬೇಕು, ಯಾಕೆ ಹಾಗೆ ಮಾಡಿದೆ ಎಂದು ತಾನೇ ಕೇಳಬೇಕು ಎಂದು ಹೇಳಿ ಫೋನಿಟ್ಟಳು. ದೂರು 8:25ಕ್ಕೆ ದಾಖಲಾಯಿತು. ಟೋಸ್ಟು ತಣ್ಣಗಾಗಿತ್ತು.

9:40ಕ್ಕೆ ನೆವಿಲ್ ಮತ್ತು ಕಾನ್‌ಸ್ಟೆಬಲ್ ಟಾಲಿಯಾ ಇಂಗ್ರಾಮ್ ಸ್ಥಳಕ್ಕೆ ಹೋಗಿ ಮಹಜರು ಮಾಡಿದರು. ಆರನೇ ಕಿಲೋಮೀಟರ್ ಕಂಬದ ಹತ್ತಿರ ಎಡಬದಿಯ ಹೆಡ್‌ಲೈಟಿನ ಚೂರುಗಳು ಸಿಕ್ಕವು. ಬಂಪರಿನ ಬೆಳ್ಳಿ ಬಣ್ಣದ ಒಂದು ತುಂಡೂ ಸಿಕ್ಕಿತು. ಡಿಕ್ಕಿಗೆ ಮುಂಚೆ ಬ್ರೇಕ್ ಹಾಕಿದ ಗುರುತೇ ಇರಲಿಲ್ಲ. ನಲವತ್ತು ಮೀಟರ್ ಮುಂದೆ ಮಾತ್ರ ಕಾರು ರಸ್ತೆಯಿಂದ ಪೂರ್ತಿ ಇಳಿದು, ಬೇಲಿಗೆ ಸಮನಾಗಿ, ಹಿಂದಿನ ಗಾಡಿಗೆ ಚೂರೂ ತೊಂದರೆಯಾಗದಂತೆ ನಿಂತ ಚಕ್ರದ ಗುರುತು ಮಣ್ಣಿನಲ್ಲಿ ಅಚ್ಚುಕಟ್ಟಾಗಿ ಮೂಡಿತ್ತು. ಮನುಷ್ಯರನ್ನು ಹೊಡೆದು ಗಾಬರಿಯಾದವನು ಇಷ್ಟು ಚೆಂದ ನಿಲ್ಲಿಸುತ್ತಾನೆಯೇ ಎಂದು ನೆವಿಲ್‌ಗೆ ಅನಿಸಿತು.

ಅಲ್ಲಿಂದ ಮೂವತ್ತು ಹೆಜ್ಜೆ ಆಚೆ ಒಂದು ಬೂದು ಕಾಂಗರೂ ಸತ್ತು ಬಿದ್ದಿತ್ತು. ಮೈಮೇಲೆ ಕಿತ್ತಳೆ ಬಣ್ಣದ ಇಂಟು ಮಾರ್ಕು. ಟಾಲಿಯಾ ಅದನ್ನೂ ನಕ್ಷೆಯಲ್ಲಿ ಬರೆದುಕೊಂಡಳು. “ಸತ್ತ ಕಾಂಗರೂನೆಲ್ಲ ಬರೀತಾ ಹೋದ್ರೆ ಸರ್ಕಾರದ ಪುಸ್ತಕ ಸಾಲಲ್ಲ ಕಣಮ್ಮ” ಎಂದು ನೆವಿಲ್ ಕಿಚಾಯಿಸಿದ. ಅವಳು ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಕಣ್ಣಿಗೆ ಬಿದ್ದದ್ದನ್ನು ಬಿಡದೆ ಬರೆಯುವ ಅಭ್ಯಾಸ ಇನ್ನೂ ಕೆಟ್ಟಿರಲಿಲ್ಲ.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಊರು ಆರೋಪಿಯನ್ನು ಗೊತ್ತುಮಾಡಿಬಿಟ್ಟಿತ್ತು. ಮೂರು ಫೋನು ಬಂದವು, ಮೂವರೂ ಹೆಸರು ಹೇಳಲಿಲ್ಲ. ಮಾಂಸದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಟೋಂಗಾ ದ್ವೀಪದವನ ಬೆಳ್ಳಿ ಬಣ್ಣದ ಹಳೇ ಕಾರಿನ ಎಡಗಡೆ ದೀಪ ಒಡೆದಿದೆ ಎಂಬುದೇ ಮೂವರ ಮಾತು. ಸಂಜೆ 4 ಗಂಟೆಗೆ, ಚರ್ಚಿನಿಂದ ಬಂದ ಬಟ್ಟೆಯಲ್ಲೇ, ತನ್ನ ನಾಡಿನ ರೂಢಿಯಂತೆ ಸೊಂಟಕ್ಕೆ ಚಾಪೆ ಸುತ್ತಿಕೊಂಡು ವಿಲಿಯಾಮಿ ಫೋನುವಾ ಠಾಣೆಗೆ ಬಂದ. ಬಾಗಿಲಷ್ಟು ಅಗಲದ ಆಳು. ಕುರ್ಚಿ ಮುರಿದೀತೆಂದು ತುದಿಯಲ್ಲಿ ಕೂತ.

“ದೀಪ ಹೇಗೆ ಒಡೀತು?”

“ಕಾಂಗರೂ ಸಾರ್. ಬುಧವಾರ ಬೆಳಗಿನ ಜಾವ. ಕೆಲಸಕ್ಕೆ ಹೋಗ್ತಿದ್ದೆ.”

“ಎಲ್ಲಿ?”

“ಕೋಚ್ ರಸ್ತೇಲಿ. ಆರನೇ ಕಂಬ.”

ಟಾಲಿಯಾಳ ಪೆನ್ನು ನಿಂತಿತು. ನೆವಿಲ್ ಮುಖದಲ್ಲಿ ಏನೂ ತೋರಿಸದೆ ವಿಮೆಯವರಿಗೆ ತಿಳಿಸಿದ್ದೀಯಾ ಎಂದು ಕೇಳಿದ. ವಿಲಿಯಾಮಿ ಇಲ್ಲವೆಂದು ತಲೆಯಾಡಿಸಿದ. ಅವನ ಹತ್ತಿರ ಇದ್ದದ್ದು ಹಸಿರು ಚೀಟಿ ಒಂದೇ. ಅದು ಎಲ್ಲರೂ ಮಾಡಿಸಲೇಬೇಕಾದ ವಿಮೆ. ನಮ್ಮ ಗಾಡಿಯಿಂದ ಯಾವ ಮನುಷ್ಯರಿಗೆ ಪೆಟ್ಟಾದರೂ ಅದು ನೋಡಿಕೊಳ್ಳುತ್ತದೆ, ಗಾಡಿಯ ತಗಡಿಗೆ ಪೈಸೆ ಕೊಡುವುದಿಲ್ಲ. ತಗಡಿಗೂ ಸೇರಿಸಿ ಪೂರ್ತಿ ವಿಮೆ ಮಾಡಿಸಲು ಅವನಿಗೆ ಕೈಸಾಗಿರಲಿಲ್ಲ. ಹಾಗಾಗಿ ಅವನ ಕಾಂಗರೂವಿಗೆ ಯಾವ ಕಾಗದದ ಸಾಕ್ಷಿಯೂ ಇರಲಿಲ್ಲ. ಶುಕ್ರವಾರ ಸಂಜೆ ಅವನು ಒಬ್ಬನೇ ಮನೆಯಲ್ಲಿ ನಿದ್ದೆಹೋಗಿದ್ದ. ಹೆಂಡತಿ ಮೆಲೆ ಸಂಜೆ ಪಾಳಿಯಲ್ಲಿದ್ದಳು.

ಕಾರು ಜಪ್ತಾಯಿತು. ಚೂರುಗಳನ್ನು ಹೋಲಿಸಿ ನೋಡಲು ಸಿಡ್ನಿಯ ಪ್ರಯೋಗಾಲಯಕ್ಕೆ ಎರಡು ವಾರ ಬೇಕು. ಅಷ್ಟರಲ್ಲಿ ಕೇಸು ಬಿದ್ದರೆ ಕೆಲಸದ ಪರವಾನಗಿ ಹೋಗುತ್ತದೆ, ಗಂಡ ಹೆಂಡತಿ ಇಬ್ಬರೂ ಗಂಟುಮೂಟೆ ಕಟ್ಟಬೇಕು. ವಿಲಿಯಾಮಿಗೆ ಅದು ಗೊತ್ತಿತ್ತು. ಆದರೂ ದನಿ ಏರಿಸಲಿಲ್ಲ. ಹೊರಡುವಾಗ ಒಂದೇ ಮಾತು ಹೇಳಿದ. ಕಾಂಗರೂವಿನ ಚೀಲದಲ್ಲಿ ಮರಿ ಇತ್ತು, ಸಹಾಯದ ನಂಬರಿಗೆ ಫೋನ್ ಮಾಡಿದ್ದೆ, ಒಬ್ಬ ಅಜ್ಜಿ ಬಂದು ತಗೊಂಡು ಹೋದರು ಎಂದ. ಹೆಸರು ಕೇಳಿರಲಿಲ್ಲ.

ಸೋಮವಾರ ಬೆಳಿಗ್ಗೆ 9 ಗಂಟೆಗೆ ಠಾಣೆಗೆ ಬಂದವರು ಲೈಲ್ ಪೆಂಗೆಲಿ.

ಬೆರಿಂಗಾದಲ್ಲಿ ಅವರನ್ನು ಹೆಸರಿನಿಂದ ಕರೆಯುವವರು ಕಡಿಮೆ. ಮೇಷ್ಟ್ರು ಎಂದರೆ ಅವರೇ. ನಲವತ್ತು ವರ್ಷ ಊರಿಗೆಲ್ಲ ಕಾರು ಕಲಿಸಿದ ಮನುಷ್ಯ. ನೆವಿಲ್‌ಗೂ ಕಲಿಸಿದ್ದರು, ನೆವಿಲ್‌ನ ಮಗಳಿಗೂ. ಎಪ್ಪತ್ತಕ್ಕೆ ಶಿಕ್ಷಕರ ಪರವಾನಗಿ ಬಿಟ್ಟಮೇಲೂ ಸುಮ್ಮನೆ ಕೂರಲಿಲ್ಲ. ನಮ್ಮ ರಾಜ್ಯದಲ್ಲಿ ಲೈಸೆನ್ಸ್ ಸಿಗಬೇಕಾದರೆ ಕಲಿಯುವವರು ಅನುಭವಸ್ಥರ ಪಕ್ಕ ಕೂತು ನೂರ ಇಪ್ಪತ್ತು ಗಂಟೆ ಓಡಿಸಿ ಪುಸ್ತಕದಲ್ಲಿ ಬರೆಸಬೇಕು. ಮನೆಯಲ್ಲಿ ಅಂಥವರು ಯಾರೂ ಇಲ್ಲದವರ ಪಕ್ಕ ಮೇಷ್ಟ್ರು ಪುಕ್ಕಟೆಯಾಗಿ ಕೂರುತ್ತಿದ್ದರು. ಮಂಗಳವಾರ ಸಭಾಭವನದಲ್ಲಿ ಕಾರಿನ ವಿಮೆಯ ಪತ್ರ ಓದುವುದು ಹೇಗೆ ಎಂದು ಪಾಠ ಹೇಳುತ್ತಿದ್ದರು. ಯಾವುದಕ್ಕೆ ವಿಮೆ ಕೊಡುತ್ತಾರೆ, ಯಾವುದಕ್ಕೆ ಕೊಡುವುದಿಲ್ಲ, ನಷ್ಟದ ಮೊದಲ ಪಾಲು ನಮ್ಮ ಕೈಯಿಂದ ಎಷ್ಟು ಹೋಗುತ್ತದೆ, ಎಲ್ಲವನ್ನೂ ಪುಟ ತಿರುವಿ ತೋರಿಸುತ್ತಿದ್ದರು. ವಿಮೆ ಅಂದರೆ ಹಣವಲ್ಲ, ಗೊತ್ತಿದ್ದದ್ದನ್ನು ಮುಚ್ಚಿಡುವುದಿಲ್ಲ ಎಂದು ಕೊಟ್ಟ ಮಾತು ಎಂಬುದು ಅವರ ಪಾಠದ ಮೊದಲ ಸಾಲು. ಅವರ ಮೇಲೆ ಒಂದೇ ಒಂದು ಅಪಘಾತ ಬರೆದಿರಲಿಲ್ಲ. ಇಂಥವರು ಇರುವುದರಿಂದಲೇ ಊರು ಊರಾಗಿ ಉಳಿಯುತ್ತದೆ ಎಂದು ನೆವಿಲ್ ನಂಬಿದ್ದ.

ಮೇಷ್ಟ್ರು ಕೌಂಟರಿನ ಮುಂದೆ ನಿಂತು, “ಯಾರೂ ಇಲ್ವಾ?” ಎಂದರು. ಟಾಲಿಯಾ ಎದುರಿಗೇ ನಿಂತಿದ್ದಳು. ಅವಳು ಮಾತಾಡಿದ ಮೇಲೆ ನಕ್ಕು, ಏನೋ ಯೋಚನೆಯಲ್ಲಿದ್ದೆ ಎಂದರು.

ನೆವಿಲ್ ಒಳಗೆ ಕರೆದು ಚಹಾ ಕೊಟ್ಟ. ಲೋಟವನ್ನು ಮೇಷ್ಟ್ರು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ವಿಲಿಯಾಮಿ ಅಲ್ಲ ಕಣೋ ನೆವಿ.”

“ನಿಮಗೆ ಹೇಗೆ ಗೊತ್ತು ಮೇಷ್ಟ್ರೇ?”

“ನಾನೇ ಕಲಿಸಿದ್ದು. ಅವನಾಗಿದ್ರೆ ನಿಲ್ಲಿಸ್ತಿದ್ದ.”

“ಹೊಡೆದವ್ನು ನಿಲ್ಲಿಸಿದ್ದ. ಇಳಿದು ಬಂದು ‘ಕ್ಷಮಿಸು ತಾಯಿ, ಕಾಣ್ಲಿಲ್ಲ’ ಅಂದ್ನಂತೆ. ಡಲ್ಸಿಗೆ ಎಲ್ಲಾ ಕೇಳಿಸ್ತಿತ್ತು. ಕೂಗೋಕೆ ಆಗ್ಲಿಲ್ಲ ಅಷ್ಟೆ.”

ಮೇಷ್ಟ್ರು ಲೋಟವನ್ನು ಮೇಜಿನ ಮೇಲಿಟ್ಟರು. ಮೇಜು ಅಲ್ಲಿರಲಿಲ್ಲ. ಚಹಾ ನೆಲಕ್ಕೆ ಚೆಲ್ಲಿತು. ನೆವಿಲ್ ಒರೆಸುತ್ತಾ, ವಯಸ್ಸಾಯಿತು ಮೇಷ್ಟ್ರೇ ಎಂದು ತಮಾಷೆ ಮಾಡಿದ. ಅವರು ಹೌದೆಂದು ಎದ್ದು ಹೊರಟರು. ಅವತ್ತು ಅವರು ಕಾರಿನಲ್ಲಿ ಬಂದಿರಲಿಲ್ಲ.

11 ಗಂಟೆಗೆ ಥೆಲ್ಮಾ ವಿಕರಿಯ ಮನೆ. ರಸ್ತೆಯಲ್ಲಿ ಪೆಟ್ಟಾದ ಕಾಡುಪ್ರಾಣಿಗಳನ್ನು ನೋಡಿಕೊಳ್ಳುವ ಈ ಮುದುಕಿಯ ಅಡುಗೆಮನೆಯಲ್ಲಿ ಬಾಗಿಲ ಚಿಲಕಕ್ಕೊಂದು ದಿಂಬಿನ ಚೀಲ ನೇತುಬಿದ್ದಿತ್ತು. ಚೀಲದೊಳಗಿಂದ ಉದ್ದನೆಯ ಎರಡು ಕಿವಿ ಕಾಣುತ್ತಿದ್ದವು. ಥೆಲ್ಮಾ ನೋಟ್‌ಪುಸ್ತಕ ತೆಗೆದಳು. ಒಂದೊಂದು ಪ್ರಾಣಿಗೂ ದಿನ, ಗಂಟೆ, ಜಾಗ ಬರೆದಿದ್ದಳು. ಠಾಣೆಯ ಡೈರಿಗಿಂತ ಅದೇ ಮೇಲು ಎಂದು ನೆವಿಲ್‌ಗೆ ನಾಚಿಕೆಯಾಯಿತು. ಜುಲೈ 9, ಬುಧವಾರ, ಬೆಳಿಗ್ಗೆ 6:55, ಕೋಚ್ ರಸ್ತೆ, ಆರನೇ ಕಂಬ, ತಾಯಿ ಸತ್ತಿದೆ, ಗಂಡು ಮರಿ ಜೀವಂತ, ಗುರುತು ಹಾಕಿದೆ.

“ಈ ಊರಲ್ಲಿ ಅರ್ಧ ಜನ ಕಾಂಗರೂಗೆ ಹೊಡೆದು ತಮ್ಮ ಬಂಪರ್ ನೋಡ್ಕೊಂಡು ಹೋಗ್ತಾರೆ” ಎಂದಳು ಥೆಲ್ಮಾ. “ಆ ಹುಡುಗ ಮರೀನ ಅಂಗಿಯೊಳಗೆ ಇಟ್ಕೊಂಡು ಅರ್ಧ ಗಂಟೆ ಚಳೀಲಿ ನಿಂತಿದ್ದ. ಕೆಲಸಕ್ಕೆ ತಡ ಆಗಲ್ವೇನಪ್ಪಾ ಅಂದೆ. ನಿಲ್ಲಿಸು, ಇಳಿ, ಚೀಲದೊಳಗೆ ಕೈ ಹಾಕಿ ನೋಡು ಅಂತ ಮೇಷ್ಟ್ರು ಹೇಳ್ಕೊಟ್ಟಿದ್ದಾರೆ ಅಂದ.”

ವಿಲಿಯಾಮಿಯ ಮಾತು ನಿಜವಾಯಿತು. ಚೀಲ ನೋಡಿ ಆಗಿದೆ, ಇನ್ನು ಯಾರೂ ನಿಲ್ಲಬೇಕಿಲ್ಲ ಎಂದು ಸತ್ತ ಕಾಂಗರೂವಿನ ಮೈಗೆ ಬಣ್ಣ ಹೊಡೆಯುವುದು ಈ ಕಡೆಯ ರೂಢಿ. ಥೆಲ್ಮಾಳ ಬಣ್ಣ ಕಿತ್ತಳೆ. ಈ ನಾಡಿನಲ್ಲಿ ಕಾರು ಓಡಿಸುವವರಿಗೆಲ್ಲ ಅದರ ಅರ್ಥ ಗೊತ್ತು. ನೆವಿಲ್ ಮೊದಲು ಮಾಂಸದ ಕಾರ್ಖಾನೆಗೆ ಫೋನ್ ಮಾಡಿ ಸುದ್ದಿ ಕೇಳಿ ಅವರು ಹೊರಗಿಟ್ಟಿದ್ದ ವಿಲಿಯಾಮಿಯನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳಿ ಎಂದ. ಆಮೇಲೆ, ಹಾಗಾದರೆ ಡಲ್ಸಿಗೆ ಹೊಡೆದವರು ಯಾರು ಎಂದು ತಲೆ ಕೆರೆದುಕೊಂಡ.

2 ಗಂಟೆಗೆ ಇಬ್ಬರೂ ಕಾನ್ ಸ್ಟಾವ್ರೂ ಎಂಬವನ ಡೆಂಟಿಂಗ್ ಗ್ಯಾರೇಜಿಗೆ ಹೋದರು. ಶುಕ್ರವಾರದಿಂದೀಚೆಗೆ ಮುಂಭಾಗ ಒಡೆದ ಗಾಡಿ ಯಾವುದಾದರೂ ಬಂದಿದೆಯೇ ಎಂದು ಕೇಳಿದರು. ಒಂದೇ ಒಂದು ಬಂದಿದೆ, ಮೇಷ್ಟ್ರ ಬೆಳ್ಳಿ ಬಣ್ಣದ ಕೊರೊಲಾ ಎಂದು ಕಾನ್ ಹೇಳಿದ. ಕಾಂಗರೂ ಹೊಡೆದದ್ದು. ವಿಮೆಯವರು ಒಪ್ಪಿದ ಮೇಲೆ ಕೆಲಸ ಶುರು, ಇನ್ನೂ ಕೈ ಹಚ್ಚಿಲ್ಲ.

ನೆವಿಲ್ ನಕ್ಕುಬಿಟ್ಟ. ನಲವತ್ತು ವರ್ಷದ ದಾಖಲೆಯನ್ನು ಒಂದು ಕಾಂಗರೂ ಕೆಡಿಸಿತಲ್ಲ ಎಂದ. ಕಾನ್ ನಗಲಿಲ್ಲ.

“ಒಂದು ವಿಚಿತ್ರ ನೆವಿಲ್. ಕಾಂಗರೂ ಹೊಡೆದ ಗಾಡೀಲಿ ಕೂದಲು ಇದ್ದೇ ಇರುತ್ತೆ. ಇದ್ರಲ್ಲಿ ಒಂದೂ ಇಲ್ಲ. ದೀಪದ ಸಂದೀಲಿ ಹಸಿರು ಉಣ್ಣೆ ದಾರ ಸಿಕ್ಕಿದೆ.”

ಡಲ್ಸಿಯ ಹರಿದ ಸ್ವೆಟರ್ ಸಾಕ್ಷ್ಯದ ಚೀಲದಲ್ಲಿತ್ತು. ಅದರ ಬಣ್ಣ ಹಸಿರು. ನೆವಿಲ್ ಕ್ಲೇಮಿನ ಕಾಗದ ತೋರಿಸು ಎಂದ. ಕಾನ್ ಕಂಪ್ಯೂಟರಿನಲ್ಲಿ ವಿಮೆಯ ಕಡತ ತೆರೆದ. ಶನಿವಾರ ಬೆಳಿಗ್ಗೆ 7:40ಕ್ಕೆ ಮೇಷ್ಟ್ರು ಫೋನಿನಲ್ಲಿ ಕ್ಲೇಮು ದಾಖಲಿಸಿದ್ದರು. ಶುಕ್ರವಾರ ಸಂಜೆ 5:40, ಕೋಚ್ ರಸ್ತೆ, ಪ್ರಾಣಿ ಡಿಕ್ಕಿ. ಜೊತೆಗೆ ಅವರೇ ತೆಗೆದ ಒಂದು ಫೋಟೋ. ಫ್ಲ್ಯಾಶಿನ ಬೆಳಕಿನಲ್ಲಿ ಬೂದು ಕಾಂಗರೂ, ಅದರ ಮೈತುಂಬ ಕಿತ್ತಳೆ ಬಣ್ಣದ ಇಂಟು ಮಾರ್ಕು, ಬೆಂಕಿ ಹತ್ತಿದ ಹಾಗೆ.

ಇಬ್ಬರೂ ಫೋಟೋವನ್ನೇ ನೋಡುತ್ತಾ ನಿಂತರು.

“ಸುಳ್ಳು ಹೇಳೋರು ಈ ಫೋಟೋ ಕಳಿಸಲ್ಲ ಸಾರ್” ಎಂದಳು ಟಾಲಿಯಾ, ಮೆಲ್ಲಗೆ. “ಕಾಣ್ದೇ ಇರೋರು ಕಳಿಸ್ತಾರೆ. ಬೆಳಿಗ್ಗೆ ನಾನು ಎದುರಿಗೇ ನಿಂತಿದ್ದೆ. ಯಾರೂ ಇಲ್ವಾ ಅಂದ್ರು.”

ನೆವಿಲ್‌ಗೆ ಚೆಲ್ಲಿದ ಚಹಾ ನೆನಪಾಯಿತು. ಬ್ರೇಕಿನ ಗುರುತಿಲ್ಲದ ರಸ್ತೆ, ಅಚ್ಚುಕಟ್ಟಾಗಿ ನಿಂತ ಚಕ್ರದ ಗುರುತು ನೆನಪಾದವು. ಬೆರಿಂಗಾದಲ್ಲಿ ಅಷ್ಟು ಚೆಂದ ಕಾರು ನಿಲ್ಲಿಸುವವರು ಒಬ್ಬರೇ ಇದ್ದರು. ಅದು ತನಗೆ ಶನಿವಾರವೇ ಹೊಳೆಯಬೇಕಿತ್ತು, ಹೊಳೆಯುವುದು ಬೇಡವಾಗಿತ್ತು ಎಂದು ಅವನು ತನ್ನೊಳಗೇ ಒಪ್ಪಿಕೊಂಡ. ಕಡತದಲ್ಲಿ ಇನ್ನೊಂದು ಸಾಲಿತ್ತು. ಶನಿವಾರ ಮಧ್ಯಾಹ್ನ 12:15ಕ್ಕೆ ವಿಮೆ ಕಂಪನಿಯ ಗುಮಾಸ್ತೆ ಮೇಷ್ಟ್ರಿಗೆ ವಾಪಸು ಫೋನ್ ಮಾಡಿ, ಡಿಕ್ಕಿಯಾದದ್ದು ಪ್ರಾಣಿಗೇ ಎಂಬುದು ಖಚಿತವೇ ಎಂದು ಕೇಳಿದ್ದಳು. ಮೇಷ್ಟ್ರು ಖಚಿತ ಎಂದಿದ್ದರು. ಡಲ್ಸಿಯ ಸುದ್ದಿ ಆ ಹೊತ್ತಿಗೆ ಊರೆಲ್ಲ ಹಬ್ಬಿತ್ತು. 7:40ಕ್ಕೆ ಅದು ತಪ್ಪು ಮಾತ್ರ. 12:15ಕ್ಕೆ ಅದು ಸುಳ್ಳಾಯಿತು.

ಮಂಗಳವಾರ, ಜುಲೈ 15, ಬೆಳಿಗ್ಗೆ 8:05ಕ್ಕೆ ಪೊಲೀಸ್ ಗಾಡಿ ಮೇಷ್ಟ್ರ ಮನೆಯ ಮುಂದೆ ನಿಂತಿತು. ಮೇಷ್ಟ್ರು ಕೋಟು ತೊಟ್ಟು ವರಾಂಡದಲ್ಲಿ ಕೂತಿದ್ದರು. ಮೇಜಿನ ಮೇಲೆ ಕಾರಿನ ಎರಡನೇ ಕೀಲಿ, ಅದರ ಪಕ್ಕ ಕಲಿಯುವವರ ಆರು ಪುಸ್ತಕ ಒಂದರ ಮೇಲೊಂದು ಜೋಡಿಸಿದ್ದವು.

“ನಿನ್ನ ಹೆಜ್ಜೆ ಸಪ್ಪಳ ಅಂದ್ಕೊಂಡೆ” ಎಂದರು. “ನಿನ್ನೆ ಹೇಳೋಕೇ ಬಂದಿದ್ದೆ ನೆವಿ. ಅವಳಿಗೆ ಎಲ್ಲಾ ಕೇಳಿಸ್ತಿತ್ತು ಅಂದೆಯಲ್ಲ, ಬಾಯಿ ಕಟ್ಟೋಯ್ತು.”

ಗಾಯಾಳುವಿಗೆ ನೆರವಾಗದೆ ಹೋದದ್ದು ಮತ್ತು ವಿಮೆಗೆ ತಿಳಿದೂ ಸುಳ್ಳು ಹೇಳಿದ್ದು ಎಂಬ ಎರಡು ಆಪಾದನೆ ಓದಿ ಹೇಳಿ, ನೆವಿಲ್ ಅವರನ್ನು ಬಂಧಿಸಿದ. ಓದುವಾಗ ಅವನ ದನಿ ಎರಡು ಸಲ ಸಿಕ್ಕಿಕೊಂಡಿತು. ಮೇಷ್ಟ್ರು ಕಾದರು, ಹಿಂದೆ ಗೇರು ಸಿಕ್ಕದೆ ಅವನು ಒದ್ದಾಡುವಾಗ ಕಾಯುತ್ತಿದ್ದಂತೆ.

ಗಾಡಿಯಲ್ಲಿ ಅವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿದರು. ಶಾಲೆಯ ಮುಂದಿನ ದಾಟುಪಟ್ಟಿಗೆ ಇನ್ನೂ ದೂರವಿರುವಾಗಲೇ ಮೇಷ್ಟ್ರ ಬಲಗಾಲು ನೆಲವನ್ನು ಒತ್ತಿದ್ದು ಟಾಲಿಯಾಳಿಗೆ ಕಂಡಿತು. ಕಲಿಸುವವರ ಕಡೆಗೂ ಒಂದು ಬ್ರೇಕ್ ಇರುತ್ತಿದ್ದ ಕಾರುಗಳ ಅಭ್ಯಾಸ. ನೆವಿಲ್ ವೇಗ ಇಳಿಸಿದ.

ಹೇಳಿಕೆ 9:10ರಿಂದ 10:45ರವರೆಗೆ ನಡೆಯಿತು. ಎಂಟು ತಿಂಗಳಿಂದ ಮೇಷ್ಟ್ರ ಎರಡೂ ಕಣ್ಣಿನ ನಡುಭಾಗ ಮಸುಕಾಗುತ್ತಾ ಬಂದಿತ್ತು. ಅಂಚಿನಲ್ಲಿ ಕಾಣುತ್ತಿತ್ತು, ನೇರ ನೋಡಿದ್ದು ಅಳಿಸಿಹೋಗುತ್ತಿತ್ತು. ವೈದ್ಯರ ತಪಾಸಣೆ ಕಡ್ಡಾಯವಾಗುವುದು ಎಪ್ಪತ್ತೈದಕ್ಕೆ, ಅವರಿಗೆ ಇನ್ನೂ ಎಪ್ಪತ್ತಮೂರು. ಹೇಳಿದ್ದರೆ ಲೈಸೆನ್ಸ್ ಹೋಗುತ್ತಿತ್ತು, ಲೈಸೆನ್ಸ್ ಇಲ್ಲದವರು ಕಲಿಯುವವರ ಪಕ್ಕ ಕೂರುವಂತಿಲ್ಲ. ಆರು ಪುಸ್ತಕ ಅರ್ಧದಲ್ಲಿದ್ದವು. ವಿಲಿಯಾಮಿಯ ಹೆಂಡತಿ ಮೆಲೆಗೆ ಹದಿನಾರು ಗಂಟೆಯಷ್ಟೇ ಬಾಕಿ, ಗಂಡನದು ಹೊಸ ಲೈಸೆನ್ಸ್ ಆದ್ದರಿಂದ ಅವನು ಪಕ್ಕ ಕೂರುವಂತಿರಲಿಲ್ಲ. ಆ ಕಲಿಯುವವರಿಗೆ ಬೇರೆ ಯಾರೂ ಇಲ್ಲ ಎಂಬುದು ನಿಜವಿತ್ತು. ಅವರಿಲ್ಲದೆ ತಾನೂ ಯಾರೂ ಅಲ್ಲ ಎಂಬುದು ಅದಕ್ಕಿಂತ ನಿಜ ಎಂದು ಮೇಷ್ಟ್ರೇ ಸೇರಿಸಿ ಬರೆಸಿದರು.

“ಚೀಲದಲ್ಲಿ ಮರಿ ಇದ್ಯಾ ನೋಡಿದ್ರಾ?” ನೆವಿಲ್ ಕೊನೆಗೆ ಕೇಳಿದ.

“ಇಲ್ಲ. ಊರಿಗೆಲ್ಲ ಹೇಳ್ಕೊಟ್ಟೆ, ಅವತ್ತು ನಾನೇ ಕೈ ಹಾಕ್ಲಿಲ್ಲ. ಕತ್ತಲಾಗ್ತಿತ್ತು, ಕತ್ತಲಾದ್ರೆ ಮನೆ ಸೇರೋಕಾಗಲ್ಲ ಅಂತ ಹೆದರಿಕೆ. ಕೈ ಹಾಕಿದ್ರೆ ಅದು ತಣ್ಣಗಿರೋದು ಗೊತ್ತಾಗ್ತಿತ್ತು. ನಾನು ಹೊಡೆದಿದ್ದು ಬೇರೆ ಏನೋ ಅಂತ ಗೊತ್ತಾಗ್ತಿತ್ತು. ಹುಡುಕ್ತಿದ್ದೆ ನೆವಿ.”

ಟಾಲಿಯಾ ಅದನ್ನು ಅವರು ಹೇಳಿದಂತೆಯೇ ಬರೆದಳು. ಸಹಿ ಹಾಕುವ ಜಾಗಕ್ಕೆ ಅವರ ಬೆರಳನ್ನು ಹಿಡಿದು ಒಯ್ದಳು.

ನೆವಿಲ್ ಆಸ್ಪತ್ರೆಗೆ ಹೋಗಿ ಡಲ್ಸಿಗೆ ಎಲ್ಲ ಹೇಳಿದ. ಅವಳು ಕಿಟಕಿಯ ಕಡೆ ಮುಖ ಮಾಡಿ ಕೇಳಿಸಿಕೊಂಡಳು.

“ಹಾಗಾದ್ರೆ ಅವ್ರು ಕ್ಷಮೆ ಕೇಳಿದ್ದು ನನ್ನನ್ನಲ್ಲ.”

“ಅಲ್ಲ. ಕಾಂಗರೂನ.”

“ಕರ್ಕೊಂಡು ಬಾ ಅವ್ರನ್ನ.”

ಮೇಷ್ಟ್ರಿಗೆ ಕೊಟ್ಟ ಜಾಮೀನಿನ ಷರತ್ತು ಅದಕ್ಕೆ ಒಪ್ಪುತ್ತಿರಲಿಲ್ಲ. ಭೇಟಿ ತಾನೇ ಕೇಳುತ್ತಿದ್ದೇನೆ ಎಂದು ಡಲ್ಸಿಯೇ ಬರೆದುಕೊಟ್ಟಳು. ಮ್ಯಾಜಿಸ್ಟ್ರೇಟರು ಪೊಲೀಸರ ಎದುರಿನಲ್ಲಿ ಅರ್ಧ ಗಂಟೆ ಎಂದು ಅನುಮತಿ ಕೊಟ್ಟರು. ಜುಲೈ 26, ಶನಿವಾರ ಮಧ್ಯಾಹ್ನ 3 ಗಂಟೆಗೆ ಕಾರು ಆಸ್ಪತ್ರೆಗೆ ಬಂತು. ಓಡಿಸುತ್ತಿದ್ದವಳು ಮೆಲೆ ಫೋನುವಾ. ಪಕ್ಕದಲ್ಲಿ ಅವಳ ಪುಸ್ತಕ ಹಿಡಿದು ಕೂತಿದ್ದವನು ನೆವಿಲ್. ಮೇಷ್ಟ್ರು ಹಿಂದಿನ ಸೀಟಿನಲ್ಲಿದ್ದರು, ದಾರಿಯುದ್ದಕ್ಕೂ ಒಂದು ತಪ್ಪೂ ಹಿಡಿಯಲಿಲ್ಲ.

ವಾರ್ಡಿನಲ್ಲಿ ನಾಲ್ಕು ಹಾಸಿಗೆ. ಮೇಷ್ಟ್ರು ಬಾಗಿಲಲ್ಲಿ ಟೊಪ್ಪಿ ತೆಗೆದು ನಿಂತರು. ಯಾವ ಹಾಸಿಗೆಯೆಂದು ಅವರಿಗೆ ತಿಳಿಯುತ್ತಿರಲಿಲ್ಲ. ನೆವಿಲ್ ಕೈ ಹಿಡಿಯಲು ಹೋದವನು ಡಲ್ಸಿಯ ಮುಖ ನೋಡಿ ಸುಮ್ಮನಾದ.

“ಡಲ್ಸಿ?” ಎಂದರು ಮೇಷ್ಟ್ರು. ಉತ್ತರ ಬರಲಿಲ್ಲ. ಒಂದು ಹೆಜ್ಜೆ ಮುಂದಿಟ್ಟು ತಡೆದರು. “ಡಲ್ಸಿ, ಎಲ್ಲಿದ್ದೀಯಮ್ಮಾ?”

ಆ ಸಂಜೆ ಚರಂಡಿಯಲ್ಲಿ ಬಿದ್ದು ಹೇಳಲಾಗದೆ ಹೋದದ್ದನ್ನು ಡಲ್ಸಿ ಈಗ ಹೇಳಿದಳು.

“ಇಲ್ಲಿದ್ದೀನಿ ಮೇಷ್ಟ್ರೇ. ಈ ಕಡೆ ಬನ್ನಿ.”